33 ಅಂಕ, 2,000 ರೂಪಾಯಿ ಮತ್ತು ನಮ್ಮೂರಿನ ಕನ್ನಡ ಶಾಲೆ

ನಿವೃತ್ತ ಮುಖ್ಯೋಪಾಧ್ಯಾಯ, ಮದ್ದೂರು ತಾಲ್ಲೂಕು

ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಯಲ್ಲಿ ಉತ್ತೀರ್ಣರಾಗಲು ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ ಶೇ 33ಕ್ಕೆ ಇಳಿಸಲಾಗಿದೆ. ಒಂದು ವಿಷಯದಲ್ಲಿ 30 ಬಂದರೂ ಒಟ್ಟು ಮೊತ್ತ ಸರಿದೂಗಿದರೆ ಸಾಕು ಎಂದು ಸರ್ಕಾರ ತೀರ್ಮಾನಿಸಿದ ದಿನ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ದೂರವಾಣಿ ಮಾಡಿ, ಎರಡೇ ಅಂಕಕ್ಕೆ ಏಕಿಷ್ಟು ಬೇಸರ ಎಂದು ಕೇಳಿದರು. ಮೂವತ್ತೊಂದು ವರ್ಷ ಗಣಿತ ಕಲಿಸಿದವನಿಗೆ ಎರಡು ಅಂಕದ ಬೆಲೆ ಗೊತ್ತು. ನನ್ನ ಬೇಸರ ಆ ಎರಡು ಅಂಕದ್ದಲ್ಲ, ಅದನ್ನು ಇಳಿಸಿದ ರೀತಿಯದ್ದು. ಗೋಡೆಗೆ ಏಣಿ ಸಾಲದೆ ಹೋದಾಗ ಏಣಿಗೆ ಇನ್ನೆರಡು ಮೆಟ್ಟಿಲು ಸೇರಿಸುವುದು ಒಂದು ದಾರಿ, ಗೋಡೆಯನ್ನೇ ಕೆಡವುವುದು ಇನ್ನೊಂದು ದಾರಿ. ಎರಡನೆಯದಕ್ಕೆ ಖರ್ಚು ಕಡಿಮೆ.

2024ರಲ್ಲಿ ಏನಾಯಿತೆಂಬುದನ್ನು ನೆನಪಿಸಿಕೊಳ್ಳಿ. ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಅದು ಒಳ್ಳೆಯ ಕೆಲಸವೇ, ಯಾವ ಪಕ್ಷದ ಸರ್ಕಾರ ಮಾಡಿದರೂ ಒಳ್ಳೆಯದೇ. ಹಿಂದಿನ ವರ್ಷ ಶೇ 83.89 ಇದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಅಂದರೆ ನಕಲು ನಿಂತೊಡನೆ ನಮ್ಮ ಕಲಿಕೆಯ ನಿಜವಾದ ಮಟ್ಟ ಕಣ್ಣಿಗೆ ಬಿತ್ತು. ವೈದ್ಯರು ಜ್ವರಮಾಪಕದಲ್ಲಿ ಜ್ವರ ಕಂಡಾಗ ರೋಗಿಯನ್ನು ನೋಡಬೇಕು. ನಾವು ಜ್ವರಮಾಪಕದ ಗೆರೆಗಳನ್ನೇ ತಿದ್ದಿದೆವು.

ಇದನ್ನು ಗ್ಯಾರಂಟಿ ಯೋಜನೆಗಳ ಜೊತೆ ಸೇರಿಸಿ ನೋಡಬೇಕೆಂಬುದು ನನ್ನ ಅಭಿಪ್ರಾಯ. 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51,000 ಕೋಟಿ, ಇಡೀ ಶಿಕ್ಷಣಕ್ಕೆ ಇಟ್ಟದ್ದು ಸುಮಾರು 45,000 ಕೋಟಿ. ಬಡವರಿಗೆ ಕೊಡಬಾರದು ಎನ್ನುವ ಪೈಕಿ ನಾನಲ್ಲ. ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಚಾಲನೆ ಕೊಟ್ಟಾಗ ನಮ್ಮೂರಿನಿಂದಲೂ ಹೆಣ್ಣುಮಕ್ಕಳು ಬಸ್ಸು ಹತ್ತಿ ಹೋಗಿದ್ದರು. ಆ ದಿನ ಅವರ ಮುಖದಲ್ಲಿದ್ದ ಗೆಲುವನ್ನು ನಾನು ಕಂಡಿದ್ದೇನೆ, ಅದನ್ನು ಹಂಗಿಸುವುದಿಲ್ಲ. ಆದರೆ ಆ 2,000 ರೂಪಾಯಿ ನಮ್ಮೂರಿನಲ್ಲಿ ಎಲ್ಲಿಗೆ ಹೋಗುತ್ತಿದೆ ಎಂದು ವಿಚಾರಿಸಿದರೆ, ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಅರಳೀಕಟ್ಟೆಯ ಮುಂದೆ ಬಂದು ನಿಲ್ಲುವ ಹಳದಿ ಬಣ್ಣದ ವ್ಯಾನು ಉತ್ತರ ಹೇಳುತ್ತದೆ. ಸರ್ಕಾರ ತಾಯಿಯ ಖಾತೆಗೆ ಹಣ ಹಾಕುತ್ತದೆ, ತಾಯಿ ಆ ಹಣದಿಂದ ಮಗುವನ್ನು ಸರ್ಕಾರಿ ಶಾಲೆಯಿಂದ ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುತ್ತಾಳೆ, ಮಕ್ಕಳ ಸಂಖ್ಯೆ ಇಳಿಯಿತೆಂದು ಅದೇ ಸರ್ಕಾರ ಆ ಶಾಲೆಗೆ ಶಿಕ್ಷಕರನ್ನು ಕೊಡುವುದಿಲ್ಲ.

ನಮ್ಮೂರಿನ ಶಾಲೆಯ ಜಾಗವನ್ನು ದಾನ ಕೊಟ್ಟದ್ದು ಊರಿನ ಒಂದು ಕುಟುಂಬ, ಕಲ್ಲು ಹೊತ್ತದ್ದು ಇಡೀ ಊರು. ನಾನು ಅಲ್ಲಿ ಕಲಿಯುವಾಗ ಒಂದು ತರಗತಿಯಲ್ಲೇ ಮೂವತ್ತೈದು ಮಕ್ಕಳಿದ್ದೆವು. ಈಗ ಐದು ತರಗತಿ ಸೇರಿ ಹದಿನಾಲ್ಕು ಮಕ್ಕಳು, ಒಬ್ಬರೇ ಶಿಕ್ಷಕಿ. ಸಂಪ್ರದಾಯವನ್ನು ಉಳಿಸಬೇಕೆಂದು ಮಾತನಾಡುವ ನನ್ನಂಥವರು ಹಬ್ಬ, ಜಾತ್ರೆ, ದಸರಾ ಎಂದಷ್ಟೇ ಕೂಗಿದರೆ ಸಾಲದು. ಊರು ಕಟ್ಟಿದ ಶಾಲೆಯೂ ನಮ್ಮ ಸಂಪ್ರದಾಯವೇ, ಉಳಿಸಿಕೊಳ್ಳಬೇಕಾದವುಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಬಲ್ಲವರು ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಅಗ್ರಹಾರದ ಹಿರಿಯ ನಾಗರಿಕ, ಮೈಸೂರು

ಮೇಷ್ಟ್ರು ಮೆದುವಾಗಿ ಬರೆದಿದ್ದಾರೆ, ನಾನು ಅಷ್ಟು ಮೆದುವಾಗಿ ಬರೆಯಲಾರೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದವರೇ ಇಂದು ಸಾಲದ ಕುಡಿಕೆಯನ್ನು ಎದುರಿಗಿಟ್ಟುಕೊಂಡು ಕೂತಿದ್ದೇವೆ. 2025-26ರಲ್ಲಿ ಸರ್ಕಾರ ಎತ್ತಲು ಹೊರಟ ಸಾಲ 1,16,000 ಕೋಟಿ. ಅದನ್ನು ತೀರಿಸಬೇಕಾದವರು ಇಂದು ಒಂದನೇ ತರಗತಿಯಲ್ಲಿ ಕುಳಿತಿರುವ ಮಕ್ಕಳು.

ನಮ್ಮ ಮೈಸೂರು ಸಂಸ್ಥಾನವೂ ಪ್ರಜೆಗಳಿಗೆ ಕೊಟ್ಟಿತು, ಆದರೆ ಕೊಟ್ಟದ್ದು ಏನನ್ನು? 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ, 1916ರಲ್ಲಿ ವಿಶ್ವವಿದ್ಯಾನಿಲಯ, ಕಾವೇರಿಗೆ ಅಡ್ಡಲಾಗಿ ಕಟ್ಟೆ, ಆ ಕಟ್ಟೆಯ ನೀರಿನಿಂದ ಕಬ್ಬು ಬೆಳೆದ ಮೇಲೆ 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ. ತಿಂಗಳಿಗೊಮ್ಮೆ ಖಾಲಿಯಾಗುವ ವಸ್ತು ಇದರಲ್ಲಿ ಒಂದೂ ಇಲ್ಲ. ಸರ್ಕಾರವನ್ನು ಕಾಯದೆ ಸಮಾಜವೂ ಕೊಟ್ಟಿತು. ವ್ಯಾಪಾರಿಯಾಗಿದ್ದ ಮರಿಮಲ್ಲಪ್ಪನವರು ಬಿಟ್ಟುಹೋದ ಆಸ್ತಿಯಿಂದ ಶಾಲೆ ನಡೆಯಿತು, ತಾತಯ್ಯನೆಂದು ಊರೇ ಕರೆದ ಎಂ. ವೆಂಕಟಕೃಷ್ಣಯ್ಯನವರು ಅದರ ಮುಖ್ಯೋಪಾಧ್ಯಾಯರಾಗಿದ್ದರು. ನನ್ನ ತಂದೆ ಈ ಊರಿನಲ್ಲಿ ವಾರಾನ್ನ ಮಾಡಿ ಓದಿದವರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಊಟ ಹಾಕಿದ ಮನೆಯವರು ಊಟದ ಜೊತೆಗೆ, ಈ ವಾರ ಏನು ಓದಿದೆ ಎಂದೂ ಕೇಳುತ್ತಿದ್ದರಂತೆ. ಬ್ಯಾಂಕಿನ ಖಾತೆ ಹಾಗೆ ಕೇಳುವುದಿಲ್ಲ.

ಗಾರ್ಮೆಂಟ್ಸ್ ಉದ್ಯೋಗಿ, ಶ್ರೀರಂಗಪಟ್ಟಣ ತಾಲ್ಲೂಕು

ನಾನು ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ. ಕೂತು ಉಣ್ಣುವವರು ಯಾರು ಎಂದು ಹಿರಿಯರು ಹೇಳಲಿಲ್ಲವಾದ್ದರಿಂದ ನನ್ನ ದಿನಚರಿಯನ್ನು ನಾನೇ ಹೇಳುತ್ತೇನೆ. ಐದಕ್ಕೆ ಎದ್ದು, ಹಸು ಕರೆದು, ಡೇರಿಗೆ ಹಾಲು ಹಾಕಿ, ಅಡುಗೆ ಮುಗಿಸಿ, ಏಳೂಕಾಲರ ಬಸ್ಸು ಹಿಡಿದು ಮೈಸೂರಿನ ಕಾರ್ಖಾನೆ ಸೇರಿದರೆ ಮತ್ತೆ ಮನೆಯ ದೀಪ ಕಾಣುವುದು ಸಂಜೆ ಏಳರ ಮೇಲೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗುವವರೆಗೆ ಬಸ್ಸಿಗೇ ದಿನಕ್ಕೆ ಎಪ್ಪತ್ತು ರೂಪಾಯಿ ಹೋಗುತ್ತಿತ್ತು. ಆ ಹಣ ಈಗ ಉಳಿಯುತ್ತಿದೆ. ನಾನು ಕೂತಿಲ್ಲ, ಬಸ್ಸಿನಲ್ಲಿಯೂ ಹೆಚ್ಚಿನ ದಿನ ನಿಂತೇ ಹೋಗುತ್ತೇನೆ.

ಮೇಷ್ಟ್ರ ಮಾತಿನಲ್ಲಿ ನಿಜವಿದೆ, ಆದರೆ ಅದರಲ್ಲಿ ನಮ್ಮ ಮೇಲೊಂದು ದೂರೂ ಇದೆ. ಗೃಹಲಕ್ಷ್ಮಿಯ ಹಣ ವ್ಯಾನಿನ ಬಾಡಿಗೆಗೆ ಹೋಗುತ್ತಿದೆ ಎಂದು ಬರೆದಿದ್ದೀರಿ. ಹೌದು, ನಮ್ಮ ಮನೆಯಲ್ಲಿ ದೊಡ್ಡ ಮಗನ ವಿಷಯದಲ್ಲಿ ಹಾಗೆಯೇ ಆಗಿದೆ. ಆದರೆ ತಾಯಿ ಮಗುವನ್ನು ಶಾಲೆಯಿಂದ ಬಿಡಿಸಿದ್ದರಿಂದ ಶಿಕ್ಷಕರು ಬರಲಿಲ್ಲವೋ, ಶಿಕ್ಷಕರು ಬಾರದ್ದರಿಂದ ತಾಯಿ ಬಿಡಿಸಿದಳೋ? ನಮ್ಮೂರಿನ ಶಾಲೆಯಲ್ಲಿದ್ದ ಮೇಷ್ಟ್ರಿಗೆ ವರ್ಗವಾಗಿ ಒಂದು ವರ್ಷ ಅತಿಥಿ ಶಿಕ್ಷಕರ ಕೈಯಲ್ಲೇ ಶಾಲೆ ನಡೆಯಿತು. ಅದಾದ ಮೇಲೆ ನಾವು ಬಿಡಿಸಿದ್ದು.

ಇನ್ನೊಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬಾರದು. ಕನ್ನಡ ಶಾಲೆ ಉಳಿಯಲಿ ಎಂದು ಬರೆಯುವ ಮೇಷ್ಟ್ರ ಮೊಮ್ಮಕ್ಕಳು ಎಲ್ಲಿ ಓದುತ್ತಿದ್ದಾರೆ?

ಅತಿಥಿ ಉಪನ್ಯಾಸಕ, ಮೈಸೂರು

ಪ್ರಶ್ನೆಗೆ ಮೇಷ್ಟ್ರೇ ಉತ್ತರಿಸಲಿ. ನಾನು ಪದವಿ ಕಾಲೇಜಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಇಲ್ಲಿಯವರೆಗಿನ ಟೀಕೆ ಈಗಿನ ಸರ್ಕಾರದ ಮೇಲಷ್ಟೇ ಬಿದ್ದಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯವೆನಿಸಿಕೊಳ್ಳುವ ಅವಸರದಲ್ಲಿ ಆಗಿನ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ಪಠ್ಯಪುಸ್ತಕಗಳು ಮಕ್ಕಳ ಕೈಸೇರುವ ಮೊದಲೇ ಸೆಮಿಸ್ಟರ್ ಮುಗಿಯುತ್ತಿತ್ತು. ಸರ್ಕಾರ ಬದಲಾಯಿತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ನನ್ನ ಕಾಲೇಜಿನ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ನೀತಿಯ ವಿದ್ಯಾರ್ಥಿಗಳು ಓಡಾಡಿದರು. ಅಂಕಪಟ್ಟಿ ಕಳೆದುಕೊಂಡವನಿಗೆ ನಕಲು ಪ್ರತಿ ಕೊಡಬೇಕಾದ ಗುಮಾಸ್ತರು, ನೀನು ಯಾವ ಸರ್ಕಾರದವನಪ್ಪ ಎಂದು ತಮಾಷೆಯಾಗಿ ಕೇಳುವ ಸ್ಥಿತಿ ಬಂದಿತ್ತು. ಶಾಲೆಯ ಪಠ್ಯವೂ ಹೀಗೆಯೇ: 2022ರಲ್ಲಿ ಒಂದು ಪರಿಷ್ಕರಣೆ, 2023ರಲ್ಲಿ ಅದರ ಪರಿಷ್ಕರಣೆ. ಸಂಪ್ರದಾಯವಾದಿ ಎಂದು ಹೇಳಿಕೊಳ್ಳುವವನು ಮೊದಲು ವಿರೋಧಿಸಬೇಕಾದದ್ದು ಇಂಥ ಅವಸರವನ್ನು, ಅದು ತನ್ನ ಪಕ್ಷದ ಅವಸರವಾದರೂ.

ಮಂಡ್ಯದವರಿಗೆ ಇನ್ನೊಂದು ಉದಾಹರಣೆ ಕಣ್ಣೆದುರಿಗೇ ಇದೆ. ಹಳೆಯ ಸರ್ಕಾರಿ ಕಾಲೇಜಿಗೆ ವಿಶ್ವವಿದ್ಯಾಲಯವೆಂದು ಫಲಕ ಹಾಕಿದರು. ಫಲಕಕ್ಕೆ ತಕ್ಕ ಹಣವನ್ನಾಗಲಿ, ಕಾಯಂ ಬೋಧಕರನ್ನಾಗಲಿ ಕೊಡಲಿಲ್ಲ. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಪ್ರಸ್ತಾವ ಸಚಿವ ಸಂಪುಟದ ಉಪಸಮಿತಿಯಿಂದ ಬಂದಾಗ ಆ ಪಟ್ಟಿಯಲ್ಲಿ ಮಂಡ್ಯವೂ ಇತ್ತು. ಕೊಡುವಾಗ ಒಬ್ಬರು ಹಾರ ಹಾಕಿಸಿಕೊಂಡರು, ಕಿತ್ತುಕೊಳ್ಳುವ ಮಾತು ಬಂದಾಗ ಇನ್ನೊಬ್ಬರು ಹೋರಾಟಗಾರರಾದರು.

ಅಗ್ರಹಾರದ ಹಿರಿಯ ನಾಗರಿಕ, ಮೈಸೂರು

ಶ್ರೀರಂಗಪಟ್ಟಣದ ಸೋದರಿಯನ್ನು ಕುರಿತು ನಾನು ಆ ಗಾದೆ ಹೇಳಲಿಲ್ಲ. ಆದರೂ ಆಡಿದ ಮಾತು ಯಾರಿಗೆ ತಾಗುತ್ತದೆಂದು ಮೊದಲೇ ಯೋಚಿಸಬೇಕಿತ್ತು, ಕ್ಷಮೆ ಕೇಳುತ್ತೇನೆ. ಸಾಲದ ಬಗೆಗಿನ ನನ್ನ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ಉಚಿತ ಪ್ರಯಾಣದ ಬಾಬ್ತು ಸಾರಿಗೆ ನಿಗಮಗಳಿಗೆ ಸಕಾಲಕ್ಕೆ ಸಂದಾಯವಾಗದಿದ್ದರೆ ಏಳೂಕಾಲರ ಬಸ್ಸೇ ಒಂದು ದಿನ ಬಾರದೆ ಹೋದೀತು.

ಕಬ್ಬು ಬೆಳೆಗಾರ, ಪಾಂಡವಪುರ

ವಾರಾನ್ನದ ವಿಷಯ ಬಂದಿದೆಯಲ್ಲ, ಆ ವಾರಾನ್ನದ ಮನೆಗಳ ಬಾಗಿಲು ನನ್ನ ತಾತನಂಥವರಿಗೆ ತೆರೆದಿತ್ತೇ? ಹೊಲೆಗೇರಿಯ ಹುಡುಗನಿಗೆ ತೆರೆದಿತ್ತೇ? ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದ್ದು, ಹಾಸ್ಟೆಲುಗಳು ಎದ್ದದ್ದು ಆ ಬಾಗಿಲು ಮುಚ್ಚಿದ್ದರಿಂದಲೇ. ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದೂ ಸರ್ಕಾರಿ ಕೆಲಸಗಳೆಲ್ಲ ಒಂದೇ ವರ್ಗದ ಪಾಲಾಗಿದ್ದವೆಂಬ ಕಾರಣಕ್ಕೆ. ಹಳೆಯ ಮೈಸೂರನ್ನು ಹೊಗಳುವುದಾದರೆ ಈ ಪುಟವನ್ನೂ ಓದಿ ಹೊಗಳಬೇಕು. ನನ್ನನ್ನು ಕೇಳಿದರೆ ಸಂಸ್ಥಾನದ ಕಿರೀಟಕ್ಕೆ ಕಟ್ಟೆಗಿಂತ ದೊಡ್ಡ ರತ್ನ ಆ ಸಮಿತಿಯೇ.

ಇದೆಲ್ಲ ಹೇಳಿಯೂ ಒಂದು ವಿಷಯದಲ್ಲಿ ನಾನು ಮೇಷ್ಟ್ರ ಕಡೆಗೇ ಇದ್ದೇನೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಅರವತ್ತು ಪ್ರಶ್ನೆಗಳ ಪಟ್ಟಿ ಕೊಟ್ಟು ಶಿಕ್ಷಕರನ್ನೇ ಮನೆಮನೆಗೆ ಅಟ್ಟಿದರು. ಕೆಲಸ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಖಾಸಗಿ ಶಾಲೆಯ ವ್ಯಾನು ಅಷ್ಟರಲ್ಲಿ ಓಡಾಡುತ್ತಿತ್ತು, ನಮ್ಮೂರ ಸರ್ಕಾರಿ ಶಾಲೆಗೆ ಬೀಗ. ಹಿಂದುಳಿದವರ ಶೈಕ್ಷಣಿಕ ಸ್ಥಿತಿಯನ್ನು ತಿಳಿಯಲು ಹಿಂದುಳಿದವರ ಮಕ್ಕಳ ಶಾಲೆಯನ್ನೇ ಮುಚ್ಚಿದರು ಎಂದರೆ ನಗಬೇಕೋ ಅಳಬೇಕೋ ತಿಳಿಯದು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ನಿರುದ್ಯೋಗಿ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಿದ್ದಾರಲ್ಲ, ಅವರಿಗೆ ಇನ್ನಷ್ಟು ಸೇರಿಸಿ ಕೊಟ್ಟು ಆ ಕೆಲಸ ಮಾಡಿಸಬಹುದಿತ್ತು.

ಕನ್ನಡ ಕಾರ್ಯಕರ್ತ, ಮೈಸೂರು

ಕನ್ನಡ ಶಾಲೆಯ ಬಗ್ಗೆ ಸಂಪ್ರದಾಯಸ್ಥರು ಇಂದು ಮಿಡಿಯುವುದನ್ನು ಕಂಡು ಸಂತೋಷವಾಯಿತು. ನಾರಾಯಣ ಶಾಸ್ತ್ರಿ ರಸ್ತೆಯ ಎನ್‌ಟಿಎಂ ಶಾಲೆಗಾಗಿ ನಾವು ವರ್ಷಗಟ್ಟಲೆ ಧರಣಿ ಕುಳಿತಾಗ ನೀವು ಎಲ್ಲಿದ್ದಿರಿ? ಆ ಜಾಗದಲ್ಲಿ ಕಟ್ಟಲು ಹೊರಟಿದ್ದ ವಿವೇಕಾನಂದರ ಸ್ಮಾರಕ ಬೇಡವೆಂದು ನಮ್ಮಲ್ಲಿ ಯಾರೂ ಹೇಳಲಿಲ್ಲ, ಹೆಣ್ಣುಮಕ್ಕಳ ಹಳೆಯ ಕನ್ನಡ ಶಾಲೆಯನ್ನು ಉಳಿಸಿಕೊಂಡು ಸ್ಮಾರಕ ಕಟ್ಟಿ ಎಂದೆವು. 2022ರಲ್ಲಿ ಕಟ್ಟಡ ನೆಲಸಮವಾಯಿತು. ಉಳಿಸುವ ಹಂಬಲ ನಿಜವಾಗಿದ್ದರೆ, ಇಷ್ಟವಾದವರು ಕೆಡವಿದಾಗಲೂ ಅದು ಬಾಯಿ ತೆರೆಯಬೇಕಲ್ಲವೇ?

ನಿವೃತ್ತ ಮುಖ್ಯೋಪಾಧ್ಯಾಯ, ಮದ್ದೂರು ತಾಲ್ಲೂಕು

ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆಯಬೇಕು, ಆದರೆ ಕಣ್ಣು ಸಹಕರಿಸುವುದಿಲ್ಲ. ಒಂದೇ ಸಲಕ್ಕೆ ಬರೆಯುತ್ತೇನೆ.

ಎನ್‌ಟಿಎಂ ಶಾಲೆಯ ವಿಷಯದಲ್ಲಿ ನಾನು ಸುಮ್ಮನಿದ್ದೆ. ಸ್ವಾಮೀಜಿಯವರ ಹೆಸರು ಬಂದದ್ದರಿಂದ ಸುಮ್ಮನಿದ್ದೆ. ಆ ಮೌನ ತಪ್ಪೆಂದು ಈಗ ಅನ್ನಿಸುತ್ತದೆ. ಪಾಂಡವಪುರದವರು ವಾರಾನ್ನದ ಬಗ್ಗೆ ಹೇಳಿದ್ದು ನಿಜ. ಹೈಸ್ಕೂಲಿನಲ್ಲಿ ನನಗೂ ಅನ್ನ ಹಾಕಿದ್ದು ಸಮುದಾಯದ ಹಾಸ್ಟೆಲೇ. ಆ ಹಾಸ್ಟೆಲಿನ ವಾರ್ಡನ್ ತಿಂಗಳಿಗೊಮ್ಮೆ ನಮ್ಮ ಅಂಕಪಟ್ಟಿ ನೋಡುತ್ತಿದ್ದರು. ಅಗ್ರಹಾರದ ಹಿರಿಯರು ಹೇಳಿದ ಆ ‘ಏನು ಓದಿದೆ’ ಎಂಬ ಪ್ರಶ್ನೆ ಅಲ್ಲಿಯೂ ಇತ್ತು. ಸುತ್ತೂರಿನಲ್ಲಿ, ಆದಿಚುಂಚನಗಿರಿಯಲ್ಲಿ ಅನ್ನವೂ ಅಕ್ಷರವೂ ಒಂದೇ ಸೂರಿನಡಿ ಸಿಕ್ಕಿದ್ದರಿಂದ ಓದಿ ಮೇಲೆ ಬಂದವರು ಈ ಎರಡು ಜಿಲ್ಲೆಗಳ ಊರೂರಿನಲ್ಲಿದ್ದಾರೆ. ಸರ್ಕಾರದ ದಾನಕ್ಕೂ ಆ ಗುಣ ಬರಬೇಕೆಂಬುದಷ್ಟೇ ನನ್ನ ವಾದ.

ಇನ್ನು ಸೋದರಿಯ ಪ್ರಶ್ನೆ. ನನ್ನ ಇಬ್ಬರು ಮೊಮ್ಮಕ್ಕಳೂ ಮೈಸೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಮಗ ಸೊಸೆಯ ತೀರ್ಮಾನವೆಂದು ಹೇಳಿ ನುಣುಚಿಕೊಳ್ಳಬಹುದು, ಆದರೆ ಪ್ರವೇಶದ ದಿನ ಅರ್ಜಿ ಹಿಡಿದು ಸಾಲಿನಲ್ಲಿ ನಿಂತವನು ನಾನೇ. ಮಾಧ್ಯಮದ ಆಯ್ಕೆ ಪೋಷಕರದ್ದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟ ಮೇಲೆ, ಒಂದರಿಂದ ನಾಲ್ಕರವರೆಗೆ ಕನ್ನಡ ಅಥವಾ ಮಾತೃಭಾಷೆ ಎಂಬ 1994ರ ಆದೇಶವನ್ನು ಮತ್ತೆ ಎಬ್ಬಿಸಲಾಗದು. ರಾಜ್ಯ ಶಿಕ್ಷಣ ನೀತಿ ರೂಪಿಸಲು ಸರ್ಕಾರ ನೇಮಿಸಿದ್ದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯೂ ಐದನೆಯ ತರಗತಿಯವರೆಗಾದರೂ ಕನ್ನಡ ಅಥವಾ ಮಾತೃಭಾಷೆಯಲ್ಲಿ ಬೋಧನೆ ಇರಬೇಕೆಂದು ಹೇಳಿದೆ. ಆಯೋಗದ ಇತರ ಮಾತುಗಳಲ್ಲಿ ನನಗೆ ಒಪ್ಪಿಗೆಯಾಗದವು ಹಲವಿವೆ, ಇದು ಒಪ್ಪಿಗೆ. ಆದರೆ ಆದೇಶದಿಂದ ಇದು ಆಗುವುದಿಲ್ಲ, ಪೋಷಕರು ತಾವಾಗಿ ಬರುವಂಥ ಶಾಲೆಯಿಂದ ಮಾತ್ರ ಆದೀತು. ಕನ್ನಡದಲ್ಲಿ ಗಣಿತ, ಪರಿಸರ ಕಲಿಸುತ್ತಲೇ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸುವ ಶಿಕ್ಷಕರು ನಮ್ಮೂರಿನಲ್ಲಿದ್ದಿದ್ದರೆ ಎಷ್ಟೋ ತಾಯಂದಿರು ವ್ಯಾನಿನ ಕಡೆ ನೋಡುತ್ತಿರಲಿಲ್ಲ. ನಾನೂ ಆ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ ಎಂದು ಎದೆ ತಟ್ಟಿ ಹೇಳಲಾರೆ.

ಶಿಕ್ಷಕರ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂದು ಎಲ್ಲರೂ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಹದಿನಾಲ್ಕು ಮಕ್ಕಳೆಂಬುದು ಎರಡನೆಯ ಶಿಕ್ಷಕರನ್ನು ಕೊಡದಿರಲು ಕಾರಣವಾಗದು. ದೊಡ್ಡ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಕಟ್ಟುತ್ತೇವೆ, ಸುತ್ತಲಿನ ಮಕ್ಕಳು ಅಲ್ಲಿಗೆ ಬರಲಿ ಎನ್ನುತ್ತಾರೆ. ಐದು ವರ್ಷ ತುಂಬಿದ ಮಗು ನಾಲೆಯ ಏರಿಯ ಮೇಲೆ ಎರಡು ಮೈಲಿ ನಡೆದು ಹೋಗುವುದಿಲ್ಲ. ವ್ಯಾನು ಕಳುಹಿಸಿದರೆ ಹೋಗುತ್ತದೆ, ಆದರೆ ವ್ಯಾನು ಹತ್ತುವುದೇ ಆದರೆ ತಾಯಿ ಯಾವ ವ್ಯಾನಿಗೆ ಹತ್ತಿಸುತ್ತಾಳೆಂಬುದು ನಮಗೆ ಗೊತ್ತಿದೆ.

ಅತಿಥಿ ಉಪನ್ಯಾಸಕ, ಮೈಸೂರು

ಅತಿಥಿ ಶಿಕ್ಷಕರ ಗೌರವಧನವನ್ನು 2025-26ರ ಆಯವ್ಯಯದಲ್ಲಿ 2,000 ರೂಪಾಯಿ ಹೆಚ್ಚಿಸಿದ್ದಾರೆ. ಹೆಚ್ಚಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಕೈಗೆ ಬರುವುದು ತಿಂಗಳಿಗೆ 12,000. ಅವರು ಒಂದು ವರ್ಷ ಕಲಿಸಿ ಬಿಟ್ಟುಹೋದರು ಎಂದು ದೂರುವ ಮೊದಲು ಆ ಮೊತ್ತದಲ್ಲಿ ಒಂದು ಮನೆ ನಡೆಯುತ್ತದೆಯೇ ಎಂದು ಯೋಚಿಸಬೇಕು.

ಗಾರ್ಮೆಂಟ್ಸ್ ಉದ್ಯೋಗಿ, ಶ್ರೀರಂಗಪಟ್ಟಣ ತಾಲ್ಲೂಕು

ಮೇಷ್ಟ್ರು ಮುಚ್ಚಿಡದೆ ಹೇಳಿದ್ದಕ್ಕೆ ವಂದನೆಗಳು. ನಾನು ಅಷ್ಟು ನೇರವಾಗಿ ಕೇಳಬಾರದಿತ್ತೇನೋ.

ಅರವತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರೆಂಬ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಇಪ್ಪತ್ತೊಂದು ಮಕ್ಕಳು, ಒಬ್ಬರೇ ಶಿಕ್ಷಕರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ನಿನ್ನೆ ರಾತ್ರಿ ಕೇಳಿದಾಗ ಅವರಿಗೂ ಗೊತ್ತಿರಲಿಲ್ಲ. ಭಾನುವಾರ ರಜೆಯಿರುವುದರಿಂದ ಆರು ಜನ ತಾಯಂದಿರು ಸೇರಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಬರೆಯುವುದೆಂದು ಮಾತಾಗಿದೆ. ಮೇಷ್ಟ್ರು ಅದರ ಒಕ್ಕಣೆಯನ್ನು ಇಲ್ಲಿಯೇ ಬರೆದು ಹಾಕಿದರೆ ಉಪಕಾರವಾಗುತ್ತದೆ, ಕಾಯಿದೆಯ ಹೆಸರು, ವರ್ಷ ತಪ್ಪಿಲ್ಲದೆ ಇರಲಿ.

ನನ್ನ ಚಿಕ್ಕ ಮಗಳನ್ನು ಜೂನ್‌ಗೆ ಒಂದನೆಯ ತರಗತಿಗೆ ಸೇರಿಸಬೇಕು. ವ್ಯಾನಿನವರು ಏಪ್ರಿಲ್‌ನಲ್ಲಿ ಮುಂಗಡ ಕೇಳುತ್ತಾರೆ. ಅಷ್ಟರೊಳಗೆ ಎರಡನೆಯ ಶಿಕ್ಷಕರು ಬಂದರೆ ನಮ್ಮೂರ ಶಾಲೆಗೇ ಕಳುಹಿಸುತ್ತೇನೆ, ಬಾರದಿದ್ದರೆ ಮುಂಗಡ ಕಟ್ಟುತ್ತೇನೆ.

ನಿವೃತ್ತ ಮುಖ್ಯೋಪಾಧ್ಯಾಯ, ಮದ್ದೂರು ತಾಲ್ಲೂಕು

ಒಕ್ಕಣೆಯನ್ನು ಇಂದು ಸಂಜೆಯೊಳಗೆ ಬರೆದು ಹಾಕುತ್ತೇನೆ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಬರೀ ಬಾಯಿಮಾತಿನಲ್ಲಿ ಸ್ವೀಕರಿಸಿದೆವೆಂದರೆ ಒಪ್ಪಬೇಡಿ.